ಖಾಲಿ ವಿಮಾನದ ತೂಕ

ವಿಮಾನದ ರೆಕ್ಕೆ ಯಾವುದು, ಬಾಲ ಯಾವುದು ಎಂಬುದಕ್ಕಿಂತ ಹೆಚ್ಚೇನೂ ತಿಳಿಯದೆ ವಿಮಾನದ ಕತೆಗೆ ಕೈಹಾಕುವುದು ಅಧಿಕಪ್ರಸಂಗವೇ ಸರಿ. ಓದುವವರು ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ಹೇಳದೆ ಇದ್ದರೂ ಮನಸ್ಸಿಗೆ ಸಮಾಧಾನವಿಲ್ಲ.

ಆ ಸಂಜೆ ಮಳೆ ಒಂದೇ ಸಮನೆ ಸುರಿಯುತ್ತಿತ್ತು. ಸಣ್ಣ ವಿಮಾನ ನಿಲ್ದಾಣ. ಹೊರಡಬೇಕಾದ ವಿಮಾನ ಹೊರಡುವ ಲಕ್ಷಣವೇ ಇಲ್ಲ. ಕಾಯುತ್ತ ಕುಳಿತ ಮಗಳಿಗೆ ಒಂದೇ ಚಿಂತೆ: ಅಪ್ಪ ಇವತ್ತಾದರೂ ಹತ್ತುತ್ತಾರೋ ಇಲ್ಲವೋ. ವಿಮಾನದ ಕಾರ್ಖಾನೆಯಲ್ಲಿ ಸೀಟು ಜೋಡಿಸುತ್ತಲೇ ತಲೆ ಹಣ್ಣಾದ ಮನುಷ್ಯ, ಜೀವಮಾನದಲ್ಲಿ ಒಮ್ಮೆಯೂ ಹಾರಿದವರಲ್ಲ. ಹಿಂದೆ ಅವಳು ಹೊರಡಿಸಿದಾಗಲೆಲ್ಲ ನಿಲ್ದಾಣದ ಬಾಗಿಲ ತನಕ ಬಂದು ವಾಪಸಾಗಿದ್ದರು. ಈ ಸಲ ತಾವಾಗಿಯೇ ಹೊರಟಿದ್ದರು.

"ಏನ್ ಮಾವ, ನೀವು ಜೋಡಿಸಿದ ಸೀಟಿನ ಮೇಲೆ ನಿಮಗೇ ನಂಬಿಕೆ ಇರ್ಲಿಲ್ವಾ?" ಅಳಿಯ ಕಾಲೆಳೆದ.

ಮುದುಕರು ಗಾಜಿನಾಚೆ ಬೆರಳು ತೋರಿಸಿದರು. ಬಯಲಿನ ತುದಿಯಲ್ಲಿ ಪ್ರೊಪೆಲ್ಲರಿನ ಹಳೆಯ ವಿಮಾನವೊಂದು ನೆನೆಯುತ್ತ ನಿಂತಿತ್ತು. "ಅದರ ಕತೆ ಗೊತ್ತೇನಪ್ಪ? ಹತ್ರ ಬನ್ನಿ…" ಅಕ್ಕಪಕ್ಕದ ಪ್ರಯಾಣಿಕರೂ ಮುಂದಕ್ಕೆ ಬಾಗಿದರು.

"ಆಗ ಈ ಬಯಲೆಲ್ಲಾ ನಮ್ಮ ಕಾರ್ಖಾನೆದೇ. ನಾವು ಅದನ್ನ ಕಟ್ಟೋವಾಗ ಅಂಥ ವಿಮಾನ ಎಲ್ಲೂ ಇರ್ಲಿಲ್ಲ ಅಂತ ನಮಗೆ ಒಂದು ಜಂಬ… ಟರ್ಬೊಪ್ರಾಪ್ ಅಂತಾರೆ, ಒಳಗಡೆ ಜೆಟ್ಟಿನ ಥರದ್ದೇ ಇಂಜಿನ್ನು, ಆದ್ರೆ ತಿರುಗಿಸೋದು ಪ್ರೊಪೆಲ್ಲರನ್ನ. ಬೆಳಿಗ್ಗೆ ಶೆಡ್ಡಿಗೆ ಕಾಲಿಟ್ರೆ ಅಂಟಿನ ವಾಸನೆ, ಹೊಸ ಚರ್ಮದ ವಾಸನೆ… ಈಗ್ಲೂ ಮೂಗಲ್ಲೇ ಇದೆ. ಎಂಥಾ ಕಾಲ ಅದು!

ಪರೀಕ್ಷೆಗೆ ಹಾರಿಸೋವಾಗ ಜನರನ್ನ ಕೂರಿಸೋ ಹಾಗಿಲ್ಲ ನೋಡಿ, ಸೀಟಿಗೊಂದು ಮರಳಿನ ಚೀಲ ಇಟ್ಟು ಬೆಲ್ಟ್ ಬಿಗೀತಿದ್ವಿ. ಅದರ ಮೇಲೆ ಸೀಮೆಸುಣ್ಣದಲ್ಲಿ ಅತ್ತೆ, ಷಡ್ಡಕ, ಸೋದರಮಾವ ಅಂತ ಬರೆಯೋದು… ಅತ್ತೆ ಯಾವಾಗ್ಲೂ ಕಕ್ಕಸಿನ ಪಕ್ಕ! 'ಬನ್ನಿ ಮಾವ, ಆರಾಮಾಗಿ ಕೂತ್ಕೊಳ್ಳಿ' ಅಂತ ದಿನಾ ಮಾತಾಡ್ಸೋದು. ನಾನು ಕಿಟಕಿ ಪಕ್ಕದ ಚೀಲಕ್ಕೆ ನಿಮ್ಮಮ್ಮನ ಹೆಸರು ಬರೀತಿದ್ದೆ ಕಣಮ್ಮ. ಮನೆಯವರನ್ನೆಲ್ಲ ವಿಮಾನ ನೋಡೋಕೆ ಒಳಗೆ ಬಿಟ್ಟ ದಿನ ಅವಳು ಅಲ್ಲೇ ಕೂತು, 'ಮೊದಲ್ನೇ ಸಲ ಹಾರಿದ್ರೆ ಇಬ್ರೂ ಜೊತೇಲೇ, ಮಾತು ಕೊಡಿ' ಅಂದಿದ್ಲು. ಕೊಟ್ಟೆ… ಹಾರೋ ಮುಂಚೆನೇ ಅವಳು ತೀರ್ಕೊಂಡ್ಬಿಟ್ಳು. ನಾನು ಹೆಸರು ಬರೆಯೋದು ಬಿಡ್ಲಿಲ್ಲ.

ವಿಮಾನ ಮಾರಾಟ ಆಯ್ತಾ? ಎಲ್ಲಿಂದ! ವಿಮಾನ ಓಡಿಸೋ ಕಂಪನಿಯವರು ಬಂದ್ರು, ಹೊಗಳಿದ್ರು, ಕಾಫಿ ಕುಡಿದ್ರು, ಹೋಗಿ ಜೆಟ್ ಕೊಂಡ್ರು. ನಮ್ಮ ಕಾರ್ಖಾನೆಯವರು ಕೆಲಸ ನಿಲ್ಲಿಸಿಬಿಟ್ರು. ಮೂಲೆಗೆ ತಳ್ಳೋ ಮುಂಚೆ ಚೀಲ ಎಲ್ಲಾ ಇಳಿಸಿ, ಚಕ್ರದಡಿ ತೂಕದ ಯಂತ್ರ ಇಟ್ಟು ತೂಗಿದ್ವಿ… ಮುಳ್ಳು ಎಲ್ಲಿಗೆ ಹೋಯ್ತು ಅಂತೀರಿ? ಜನ ತುಂಬಿದ ವಿಮಾನದ ತೂಕ! ಒಳಗೆ ನೋಡಿದ್ರೆ ಒಂದು ನರಪಿಳ್ಳೆ ಇಲ್ಲ. ಆಗ ಹೊಳೀತು… ನಾವು ಚೀಲ ಇಳಿಸಿದ್ವಿ, ನೆಂಟರನ್ನ ಇಳಿಸ್ಲಿಲ್ಲ! ಮೇಸ್ತ್ರಿ ಬಾಗಿಲಲ್ಲಿ ನಿಂತು, 'ಊರು ಬಂತು, ಎಲ್ಲಾರೂ ಇಳ್ಕೊಳ್ಳಿ' ಅಂದ. ಮುಳ್ಳು ಇಳೀತು… ಒಬ್ಬೊಬ್ಬರೇ ಮೆಟ್ಟಿಲು ಇಳಿದ ಹಾಗೆ, ನಿಧಾನಕ್ಕೆ… ಕೊನೆಗೆ ಒಬ್ಬರ ತೂಕ ಮಾತ್ರ ಉಳೀತು. ಎಷ್ಟು ಕರೆದ್ರೂ ಇಳೀಲಿಲ್ಲ. ಯಾರು ಅಂತ ನನ್ನ ಕೇಳ್ಬೇಕಾ? ಆಮೇಲೆ ಯಾವಾಗ ತೂಗಿದ್ರೂ ಅಷ್ಟು ಜಾಸ್ತಿನೇ. ಅವಳು ಅಲ್ಲಿ ಕಾಯ್ತಾ ಕೂತಿರೋವಾಗ ನಾನು ಬೇರೆ ವಿಮಾನ ಹತ್ಲಾ, ನೀವೇ ಹೇಳಿ?"

ಮಗಳು ಅಪ್ಪನ ಹತ್ತಿರಕ್ಕೆ ಸರಿದಳು. "ಮತ್ತೆ ಇವತ್ತು ಯಾಕಪ್ಪ ಹೊರಟ್ರಿ?"

"ನಾಳೆ ಅದನ್ನ ಗುಜರಿಯವರು ಒಡೀತಾರಮ್ಮ. ಇವತ್ತು ಬೆಳಿಗ್ಗೆ ಹೋಗಿ ನಿಮ್ಮಮ್ಮನ್ನ ಕರೆದೆ… 'ಇದು ಇನ್ನು ಹಾರಲ್ಲ ಕಣೆ, ಬಾ, ಬೇರೆದರಲ್ಲಿ ಹೋಗೋಣ' ಅಂತ. ಮಧ್ಯಾಹ್ನ ಅವರು ತೂಗಿದ್ರು." ಮುದುಕರು ನಕ್ಕರು. "ಖಾಲಿ ವಿಮಾನದ ತೂಕ. ಒಂದು ಗುಲಗಂಜಿಯಷ್ಟೂ ಹೆಚ್ಚಿಲ್ಲ."

ಅಳಿಯ ನಗಲಿಲ್ಲ.

ಮಳೆ ಹಿಡಿತ ಸಡಿಲಿಸಿತು, ಕರೆ ಬಂತು. ವಿಮಾನದ ಬಾಗಿಲಲ್ಲಿ ಮುದುಕರು ಪಕ್ಕಕ್ಕೆ ಸರಿದು, ಯಾರನ್ನೋ ಮುಂದೆ ಬಿಟ್ಟವರಂತೆ ನಿಂತು, ಆಮೇಲೆ ಒಳಗೆ ಕಾಲಿಟ್ಟರು. ಗಗನಸಖಿ ತಲೆ ಎಣಿಸುತ್ತ ಬಂದಳು. ಕಿಟಕಿ ಪಕ್ಕದ ಸೀಟು ಖಾಲಿ ಬಿಟ್ಟು ಕೂತ ಮುದುಕರ ಸಾಲಿನಲ್ಲಿ ತಡೆದು ನಿಂತಳು. ಹಿಂದಕ್ಕೆ ಹೋಗಿ ಮೊದಲಿನಿಂದ ಎಣಿಸಿದಳು.

"ಸರಿಯಾಗೇ ಎಣಿಸಿದ್ದೀಯಮ್ಮ," ಎಂದರು ಮುದುಕರು.

ಆಕೆಗೆ ಏನು ಕಂಡಿತ್ತೋ, ಕೇಳುವ ಧೈರ್ಯ ಮಗಳಿಗೆ ಆಗಲಿಲ್ಲ. ಅದು ಇಂದಿಗೂ ಯಾರಿಗೂ ಗೊತ್ತಿಲ್ಲ.