ದಿಂಬಿನ ಬಾಜೂ ಖಡಕ್ ರೊಟ್ಟಿ

...ಅಯ್ಯ, ಕಾರಿಕೊಂಡಿ ಅಂತ ನಾಚಿಕೊಂಡು ಹಿತ್ತಲಕ್ಕ ಯಾಕ ಓಡ್ತೀಯವಾ ಸುಮಾ, ಬಾ ಇಲ್ಲೆ, ಕಟ್ಟಿಮ್ಯಾಲೆ ಕುಂದ್ರು, ಅಜ್ಜಿ ಮುಂದ ಎಂಥ ನಾಚಿಕಿ! ನಿಮ್ಮವ್ವ ನನ್ನ ಹೊಟ್ಟಿಯೊಳಗ ಇದ್ದಾಗ ನಾ ಕಾರಿದ್ದು ಕೇಳಿದ್ರ ನಿಂದು ಏನೂ ಅಲ್ಲ ಅಂತೀ. ಈ ಹಿರೇಬೆಂಡಿಗೇರಿಗೆ ಸೊಸಿಯಾಗಿ ಬಂದು ವರ್ಷ ಆಗಿತ್ತು... ಇಲ್ಲ ಇಲ್ಲ, ವರ್ಷ ತುಂಬಿರಲಿಲ್ಲ. ಒಗ್ಗರಣಿ ವಾಸನಿಗೆ ವಾಂತಿ, ಹಂಚಿನ ಮ್ಯಾಲಿನ ರೊಟ್ಟಿ ವಾಸನಿಗೆ ವಾಂತಿ, ನಿಮ್ಮಜ್ಜ ತಲಿಗೆ ಎಣ್ಣಿ ಹಚ್ಚಿಕೊಂಡು ಬಂದ್ರ ಅದಕ್ಕೂ ವಾಂತಿ! ಪಾಪ, ಅಂಗಳದಾಗ ನಿಂತಽ ಮಾತಾಡ್ತಿದ್ರು.

ನಮ್ಮತ್ತೀದು ಒಂದು ನೇಮ ಇತ್ತು ನೋಡು. ಜಳಕ ಆಗಿ, ದೇವರ ಮುಂದ ದೀಪ ಹಚ್ಚೂತನಕ ಸೊಸಿ ಬಾಯಾಗ ಒಂದು ಅಗಳೂ ಹಾಕಂಗಿಲ್ಲ. ನಸುಕಿನ್ಯಾಗ ಎದ್ದು, ಕಸ ಹೊಡದು, ನೀರು ತರೂದರೊಳಗ ಖಾಲಿ ಹೊಟ್ಟಿ ತಿರುವಿ ತಿರುವಿ ಹಸರು ಪಿತ್ತ ಬರ್ತಿತ್ತು. ಆಮ್ಯಾಲೆ ಅತ್ತಿ ತಾಟು ತುಂಬ ಬಡಸಾಕಿ, "ಎರಡು ಜೀವದಾಕಿ, ಉಣ್ಣು! ಎಲ್ಲಾರೂ ಹಡದಾರ, ನೀ ಏನು ಹೊಸದಾಗಿ ಹಡಿಯಾಕತ್ತೀ?" ಉಣ್ಣೂದು, ಕಾರೂದು. ಒಂದಿನ ಹೊಟ್ಟಿಯೊಳಗ ಗುಟುಕು ನೀರೂ ನಿಲ್ಲಲಿಲ್ಲ, ಉಚ್ಚಿ ಹೋಗೂದೂ ನಿಂತಂಗಾತು, ಬಾವಿಕಟ್ಟಿಮ್ಯಾಲೆ ಕಣ್ಣಿಗೆ ಕತ್ತಲಿ ಬಂದು ಬಿದ್ದೆ. ಕೂಸು ಉಳೀತದೋ ಇಲ್ಲೋ ಅಂತ ಹೊಟ್ಟಿ ಹಿಡಕೊಂಡೆ! ಆಗ ಅದಽ ಬೈಯೂ ಅತ್ತಿ ನಿಮ್ಮಜ್ಜಗ ಒದರಿದ್ಲು, "ಲೇ, ಗಾಡಿ ಕಟ್ಟೋ! ನನ್ನ ಸೊಸಿಗೆ ನೀರೂ ನಿಲ್ಲವಲ್ದು!"

ಬಂಕಾಪುರದ ದವಾಖಾನಿಗೆ ಹೋದ್ವಿ, ಸಲಾಯಿನ್ ಹಚ್ಚಿದ್ರು. ಡಾಕ್ಟರಬಾಯಿ ಕೇಳಿದ್ರು, "ಮುಂಜಾನೆದ್ದು ಏನು ತಿಂತೀಯವಾ?" ನಾ ಅತ್ತಿ ಮಾರಿ ನೋಡಿದೆ, ಅತ್ತಿ ನೆಲ ನೋಡಿದ್ಲು. "ಜಳಕಕ್ಕಿಂತ ಮೊದಲ ಏನೂ ಕೊಡೂದಿಲ್ರಿ" ಅಂದ್ಲು. "ಹಾಸಿಗಿ ಬಿಟ್ಟು ಏಳೂಕಿಂತ ಮೊದಲ ಏನರ ಒಣಾದು ತಿನ್ನಸ್ರಿ. ಆಮ್ಯಾಲೆ ಸ್ವಲ್ಪ ಸ್ವಲ್ಪ, ಆಗಾಗ. ನೀರೂ ಗುಟುಕ ಗುಟುಕ. ಮತ್ತ ನೀರು ನಿಲ್ಲಲಿಲ್ಲ ಅಂದ್ರ ತಡಾ ಮಾಡಬ್ಯಾಡ್ರಿ, ಕರಕೊಂಡು ಬರ್ರಿ" ಅಂದ್ರು.

ಮನಿಗೆ ಬಂದ ಮರುದಿನ ನಸುಕಿನ್ಯಾಗ ಕಣ್ಣು ಬಿಡ್ತೇನಿ, ಏನು ನೋಡ್ತೇನಿ! ಅತ್ತಿ ಜಳಕ ಮಾಡಿಲ್ಲ, ದೀಪ ಹಚ್ಚಿಲ್ಲ, ಖಡಕ್ ರೊಟ್ಟಿ ಮುರದು ನನ್ನ ಬಾಯಿಗೆ ಹಿಡದಾಳ! "ಅತ್ತಿ, ದೇವರು?" ಅಂದೆ. "ದೇವರಿಗೆ ನಾ ಹೇಳಿಕೋತೇನಿ, ನೀ ತಿನ್ನು" ಅಂದ್ಲು. ಅಳಕೋತ ತಿಂದೆ ಯವ್ವಾ, ಹೊಟ್ಟಿಯೊಳಗ ನಿಂತಿತು! ವಾಂತಿ ಪೂರಾ ಹೋಗಲಿಲ್ಲ, ಸುಳ್ಳು ಯಾಕ ಹೇಳ್ಲಿ, ಆದ್ರ ನೀರು ನಿಂತಿತು, ನಿಮ್ಮವ್ವ ಗುಂಡಗ ಹುಟ್ಟಿದ್ಲು.

ಏ, ಒಳಗಿಂದ ರೊಟ್ಟಿ ಡಬ್ಬಿ ತಾ. ಇವತ್ತಿಂದ ದಿಂಬಿನ ಬಾಜೂ ಇಟಗೊಂಡು ಮಲಕೋ. ಗಂಡನ ಮನ್ಯಾಗ ನಿಮ್ಮತ್ತಿ ಏನರ ಅಂದ್ರ ನನ್ನ ಕಡೆ ಕಳಸು. ಹೊಟ್ಟಿಯೊಳಗಿನ ಕೂಸಿಗೆ ಮಡಿ ಗೊತ್ತಿಲ್ಲವಾ, ಹಸಿವು ಅಷ್ಟಽ ಗೊತ್ತು.