ಕುತ್ತಿಗೆಯಿಂದ ಮೇಲೆ, ಕುತ್ತಿಗೆಯಿಂದ ಕೆಳಗೆ

ಸಭೆಯ ಅಧ್ಯಕ್ಷರೇ, ವೇದಿಕೆಯಲ್ಲಿರುವ ಗಣ್ಯರೇ, ಈ ಜಿಮ್ಮಿನ ಯಜಮಾನನೂ ಪ್ರಾಯದಲ್ಲಿ ನನಗಿಂತ ಬಹಳ ಕಿರಿಯ ಗುರುವೂ ಆದ ಹಾರಿಸ್ ಅವರೇ, ಮೆಲ್ಕಾರಿನ ಬಲಿಷ್ಠ ಸಭಿಕರೇ,

ಜಿಮ್ಮಿನ ವಾರ್ಷಿಕೋತ್ಸವದಲ್ಲಿ ಅತ್ಯಂತ ಹಿರಿಯ ಸದಸ್ಯನೆಂದು ನನಗೆ ಶಾಲು ಹೊದೆಸಿದ್ದೀರಿ. ಸಂತೋಷ. 'ಶ್ರೀ ನಿತ್ಯಾನಂದರು ಶಿಸ್ತಿನ ಸಿಪಾಯಿ' ಎಂದು ಹೊಗಳಿದಿರಿ. ಅದೂ ಸಂತೋಷ. ಆದರೆ ಆ ಸಿಪಾಯಿಯನ್ನು ಕಳೆದ ಸೋಮವಾರ ಇದೇ ಬಾಗಿಲಿನಿಂದ ಹಿಂದಕ್ಕೆ ಅಟ್ಟಿದವರು ಯಾರು? ಅದನ್ನೂ ಹೇಳಬೇಕಿತ್ತು. ಹೇಳಲಿಲ್ಲ. ಆದ್ದರಿಂದ ನಾನೇ ಹೇಳುತ್ತೇನೆ.

ನನಗೆ ಸ್ವಲ್ಪ ಜ್ವರ ಇತ್ತು. ಸ್ವಲ್ಪ ಕೆಮ್ಮೂ ಇತ್ತು. ಇಲ್ಲವೆನ್ನುವುದಿಲ್ಲ. ಜಿಮ್ಮಿಗೆ ಹೋಗುವುದೋ ಬೇಡವೋ ಎಂದು ಮನೆಯಲ್ಲಿ ದೊಡ್ಡ ಚರ್ಚೆಯಾಯಿತು. ಮಗ ಶೋಧನ್ ಬೇಡ ಎಂದ. ಸೊಸೆ ನಿಖಿತಾ ಥರ್ಮಾಮೀಟರ್ ತಂದಳು. ನಾನು ಬೂಟು ಹಾಕಿದೆ. ಚರ್ಚೆ ಮುಗಿಯಿತು.

ಇಲ್ಲಿಗೆ ಬಂದರೆ ಬಾಗಿಲಿಗೆ ಅಡ್ಡ ಹಾರಿಸ್! "ಅಂಕಲ್, ಸೌಖ್ಯ ಇಲ್ಲದ್ದು ಕುತ್ತಿಗೆಯಿಂದ ಮೇಲೆ ಉಂಟಾ, ಕೆಳಗೆ ಉಂಟಾ?" ಇದೆಂಥ ಪ್ರಶ್ನೆ ಮಾರಾಯರೇ? ಮೂಗು ಸೋರಿದರೆ ಕುತ್ತಿಗೆಯಿಂದ ಮೇಲಂತೆ, ಬರಬಹುದಂತೆ. ಎದೆಯಿಂದ ಕೆಮ್ಮಿದರೆ ಕೆಳಗಂತೆ, ಬರಬಾರದಂತೆ. ಜ್ವರವಾದರೆ ಮೇಲೂ ಇಲ್ಲ ಕೆಳಗೂ ಇಲ್ಲ, ನೇರ ಮನೆಗೆ! ಮನುಷ್ಯನೇನು ಎಳನೀರಿನ ಬೊಂಡವೇ, ಮೇಲಿನ ತುಂಡು ಕೆತ್ತಿ ಬೇರೆ ಇಡಲಿಕ್ಕೆ?

"ಆಯ್ತು, ಭಾರ ಎತ್ತುದಿಲ್ಲ. ಬರೇ ನಡೀತೇನೆ" ಎಂದು ರಾಜಿಗೆ ಇಳಿದೆ.

"ಬೇಡ ಅಂಕಲ್. ಬೇರೆಯವರಿಗೂ ಹಿಡೀತದೆ. ಮನೆಗೆ ಹೋಗಿ ಮಲಗಿ."

ಮಲಗಿ! ಸಭಿಕರೇ, ನನ್ನ ಸಿಟ್ಟೆಲ್ಲ ಈ ಒಂದು ಶಬ್ದದ ಮೇಲೆ. ಡಾಕ್ಟರರು ಹೇಳುತ್ತಾರೆ, ಮಲಗಿ. ಮದ್ದಿನ ಅಂಗಡಿಯವರು ಹೇಳುತ್ತಾರೆ, ಮಲಗಿ. ನಮ್ಮ ಹೋಟೆಲಿಗೆ ಚಾ ಕುಡಿಯಲು ಬರುವ ತುಕ್ರಪ್ಪ ಕೂಡ ಹೇಳುತ್ತಾನೆ, ಮಲಗಿ. ಜ್ವರವಿದ್ದಾಗಲೂ ದೋಸೆಕಲ್ಲಿನ ಎದುರು ನಿಂತು ಹೋಟೆಲು ಕಟ್ಟಿದವನು ನಾನು. ನಗಬೇಡಿ, ಆ ದೋಸೆ ತಿಂದವರು ನಿಮ್ಮಲ್ಲೇ ಇದ್ದೀರಿ.

ಪ್ರಫುಲ್ಲಾ, ನನ್ನ ಹೆಂಡತಿ, ಅವಳೂ ಹಾಗೆಯೇ. ಹಗಲು ಮಲಗಿದವಳೇ ಅಲ್ಲ. ಅವಳ ವಿಷಯ ಇಲ್ಲಿ ಹೇಳಬೇಕೆಂದು ನಾನು ಬಂದಿರಲಿಲ್ಲ. ಒಂದು ದಿನ ಅವಳಿಗೆ ಬರೇ ಶೀತ ಇತ್ತು, ಹಾರಿಸ್‌ನ ಲೆಕ್ಕದಲ್ಲಿ ಕುತ್ತಿಗೆಯಿಂದ ಮೇಲೆಯೇ. ಅವತ್ತು ಮಧ್ಯಾಹ್ನ, "ಸ್ವಲ್ಪ ಮಲಗ್ತೇನೆ. ನೀವು ಹೋಟೆಲಿಗೆ ಹೋಗಿ ಬನ್ನಿ" ಎಂದಳು. ನಾನು ಹೋಗಿ ಬಂದೆ. ಅವಳು ಏಳಲಿಲ್ಲ. ಡಾಕ್ಟರರು ಹೃದಯ ಎಂದರು, ಇನ್ನೂ ಏನೇನೋ ವಿವರಿಸಿದರು. ನನ್ನ ತಲೆಗೆ ಒಂದೂ ಹೋಗಲಿಲ್ಲ.

ಅಂದಿನಿಂದ ಜ್ವರ ಬಂದರೆ ನಾನು ಮಲಗುವುದಿಲ್ಲ. ಕುರ್ಚಿಯಲ್ಲಿ ಕುಳಿತೇ ನಿದ್ದೆ. ಸೊಸೆ ಏನೂ ಕೇಳದೆ ಬೆನ್ನಿಗೊಂದು ದಿಂಬು ತಂದಿಡುತ್ತಾಳೆ. ನೀವೆಲ್ಲ ಇಲ್ಲಿಗೆ ಮೈ ಬೆಳೆಸಲು ಬರುತ್ತೀರಿ. ನಾನು ಬರುವುದು ನಿಂತಿರಲಿಕ್ಕೆ. ನಿಂತವನಿಗೆ ಏನೂ ಆಗುವುದಿಲ್ಲವೆಂದು ನಂಬಿದ್ದೇನೆ. ತಪ್ಪು ಎನ್ನುತ್ತೀರಾ? ತಪ್ಪೇ ಇರಬಹುದು. ಆದರೆ ಮಲಗಿ ಎಂದು ಸಲಹೆ ಕೊಟ್ಟವರಲ್ಲಿ ಒಬ್ಬರಾದರೂ ಆಮೇಲೆ ಮಲಗಿದವರ ಹತ್ತಿರ ನಿಂತದ್ದುಂಟೆ? ಹೇಳಿದಿರಿ, ನಿಮ್ಮ ನಿಮ್ಮ ಕೆಲಸಕ್ಕೆ ಹೋದಿರಿ!

ಈಗ ಶಾಲು ಹೊದೆಸುವ ನೆಪದಲ್ಲಿ ಹಾರಿಸ್ ನನ್ನ ಕೈ ಮುಟ್ಟಿ ನೋಡಿದ. "ಅಂಕಲ್, ಇನ್ನೂ ಬಿಸಿ ಉಂಟಲ್ಲ!" ಎಂದು ಕಿವಿಯಲ್ಲಿ ಗದರಿದ. ಗೊತ್ತುಂಟು ಮಾರಾಯ. ಸೋಮವಾರದಿಂದ ಬಿಟ್ಟೇ ಇಲ್ಲ. ಈ ಮೈಕಿನ ಕಂಬವನ್ನು ನಾನು ಹಿಡಿದುಕೊಂಡದ್ದು ಗತ್ತಿಗೆಂದು ತಿಳಿಯಬೇಡಿ. ಕಾಲು ಸೋತಿದೆ.

ಜ್ವರದವನ ಸಿಟ್ಟನ್ನು ಇಷ್ಟು ಹೊತ್ತು ಸಹಿಸಿದ ನಿಮಗೆಲ್ಲ ಧನ್ಯವಾದ. ಹಾರಿಸ್, ನಿನಗೂ, ಅರ್ಧ ಮನಸ್ಸಿನಿಂದ.

ಶೋಧನ್, ನೀನು ಹಿಂದಿನ ಸಾಲಿನಲ್ಲಿ ಕಾರಿನ ಕೀ ಹಿಡಿದು ನಿಂತದ್ದು ಕಾಣುತ್ತದೆ. ಬರ್ತೇನೆ. ಮಲಗ್ತೇನೆ ಸಹ. ಆದರೆ ಇವತ್ತು ನೀನು ಹೋಟೆಲಿಗೆ ಹೋಗುವುದು ಬೇಡ ಮಗಾ. ನನ್ನ ಹತ್ತಿರ ಕೂತುಕೊಳ್ಳು.

ನಮಸ್ಕಾರ.