ಒಬ್ಬಟ್ಟಿನ ಮೇಲೆ ಹೊರಿಸಿದ ತಪ್ಪು

…ಗ್ಯಾಸು ಅಂದೆನಲ್ಲ! ಇನ್ನೂ ಯಾಕೆ ಅಲ್ಲೇ ನಿಂತಿದೀಯ ಲೋಟ ಹಿಡ್ಕೊಂಡು? ಇಡು ಆ ಸ್ಟೂಲಿನ ಮೇಲೆ. ಜೀರಿಗೆ ಕಷಾಯ ತಾನೆ? ಕುಡೀತೀನಿ. ನೀನು ಒಳಗೆ ಹೋಗು ತಾಯಿ. ಹೊಸ ಸೊಸೆ, ಮಾವನ ಎದುರು ಹೀಗೆ ಕಂಬದ ಹಾಗೆ ನಿಂತರೆ ನೋಡಿದೋರು ಏನಂದಾರು?

ನೋಡೋರು ಯಾರೂ ಇಲ್ಲ, ಅದೂ ನಿಜ. ಎಲ್ಲ ನಜರ್‌ಬಾದಿಗೆ ಹೋದರಲ್ಲ, ನಮ್ಮ ಭಾವಮೈದ ಏಕಾಂತಯ್ಯನ ಗೃಹಪ್ರವೇಶಕ್ಕೆ. ನಿಮ್ಮತ್ತೆ ತನ್ನ ಹೆಣ್ಣುಮಕ್ಕಳನ್ನೆಲ್ಲ ಜಟಕಾ ಹತ್ತಿಸಿಕೊಂಡು ಹೋದಳು. ನಿನ್ನೊಬ್ಬಳನ್ನ ಬಿಟ್ಟು ಹೋದಳಾ? ಮದುವೆ ಚಪ್ಪರದ ಗಳ ಇನ್ನೂ ಅಂಗಳದಲ್ಲೇ ಬಿದ್ದಿದೆ, ಆಗಲೇ ಮನೆ ಕಾಯೋಕೆ ಕೂರಿಸಿದಳಾ? ಹೊಸ ಮನೆಗೆ ನೀನು ಕಾಲಿಡೋದು ಬೇಡ ಅಂದಳಾ?… ತಲೆ ತಗ್ಗಿಸಿದೆ. ಅಂದಿದಾಳೆ ಹಾಗಾದ್ರೆ.

ನಾನೋ, ಮನೆ ಖಾಲಿ ಇರುತ್ತೆ ಅಂದ್ಕೊಂಡು ಬಂದ್ಬುಟ್ಟೆ. ಯಾಕೆ ಅಂದ್ರೆ? ಮಲಗೋಕೆ! ಮನುಷ್ಯ ಅನ್ನೋನು ಒಂದು ಗಳಿಗೆ ಮಲಗಬಾರದಾ? ಹೌದು, ಮದುವೆ ಕಾಲ, ಗೊತ್ತು. ಪಾತ್ರೆ ಅಂಗಡಿಯೋನಿಗೆ ವರ್ಷದ ಅನ್ನ ಹುಟ್ಟೋದೇ ಈಗ. ಗಿರಾಕಿಗಳು ಹಂಡೆ ಕೊಡಿ, ಬಿಂದಿಗೆ ಕೊಡಿ ಅಂತ ಮುಗಿಬಿದ್ದಿರೋವಾಗ ಗುರುಮಲ್ಲಪ್ಪ ಗದ್ದುಗೆ ಬಿಟ್ಟು ಮಟಮಟ ಮಧ್ಯಾಹ್ನ ಮನೆಗೆ ಹೋದ ಅಂದ್ರೆ ಶಿವರಾಂಪೇಟೆ ಅಂಗಡಿಬೀದಿಯೇ ನಗುತ್ತೆ. ನಗಲಿ! ನಿನ್ನ ಗಂಡ ಕೂತಿದಾನಲ್ಲ ಅಲ್ಲಿ, ಷಡಕ್ಷರಿ. ಒಂದು ದಿನ ಅವನೂ ಗಂಟಲು ಹರ್ಕೊಳ್ಳಲಿ.

ಏನು? ಬೆವರಾ? ಸೆಕೆ ಕಣಮ್ಮ, ಸೆಕೆ. ವೈಶಾಖದಲ್ಲಿ ಬೆವರದೆ ಇನ್ನೇನು ಚಳಿ ಆಗುತ್ತಾ?… ಕಿಟಕಿ ಕಡೆ ಯಾಕೆ ನೋಡ್ತೀಯ? ಮೋಡ ಮುಚ್ಚಿದ್ರೆ ಸೆಕೆ ಇರಕೂಡದು ಅಂತ ಸರ್ಕಾರ ಆರ್ಡರ್ ಮಾಡಿದೆಯಾ?

ಕೈ… ಯಾವ ಕೈ? ಓ, ಇದಾ. ನೀವಿಕೊಂಡೆನಾ? ಬೆಳಗ್ಗೆ ತಾಮ್ರದ ಹಂಡೆ ಎತ್ತಿದೆ. ಆಳು ಕೆಂಪಯ್ಯ ಬರೋದು ತಡ ಮಾಡಿದ, ನಾನೇ ಎತ್ತಿದೆ. ಹೂಂ, ಎಡಗೈಲೇ ಎತ್ತಿದೆ, ನಿನಗೇನು? ದವಡೆ ಹಿಡ್ಕೊಂಡದ್ದು ಹಲ್ಲುನೋವಿಗೆ. ಹೊಟ್ಟೆ ತೊಳಸ್ತಿರೋದು ಮೊನ್ನೆ ಬೀಗರೂಟದ ಒಬ್ಬಟ್ಟಿಗೆ. ರೇಷನ್ನಿನ ಕಾಲ ಮುಗೀತು ಅಂತ ತುಪ್ಪ, ಸಕ್ಕರೆ ಸುರಿದಿದ್ದೇ ಸುರಿದಿದ್ದು! ನೋಡು, ಒಂದೊಂದಕ್ಕೂ ಒಂದೊಂದು ಕಾರಣ ಇದೆ.

ನೀನು ಎಲ್ಲಾನೂ ಕೂಡಿಸಿ ನೋಡ್ತಿದೀಯ. ಗೊತ್ತು ನನಗೆ, ಯಾಕೆ ಕೂಡಿಸ್ತೀಯ ಅಂತ. ನಿಮ್ಮಪ್ಪ. ಗುಂಡ್ಲುಪೇಟೆಗೆ ಹೆಣ್ಣು ನೋಡೋಕೆ ಬಂದಾಗಲೇ ಯಾರೋ ಹೇಳಿದರು. ಹೋದ ದಿನ ಅವರು ಎದೆ ಮೇಲೆ ಯಾರೋ ಕೂತ ಹಾಗಾಗುತ್ತೆ ಅಂದರಂತೆ. ಮನೆಯೋರು ಶುಂಠಿ ತೇದು ಕುಡಿಸಿದರಂತೆ, ಓಡಾಡಿದರೆ ವಾಯು ಇಳಿಯುತ್ತೆ ಅಂತ ಹಿತ್ತಿಲಲ್ಲಿ ನಡೆಸಿದರಂತೆ. ನೀನೇ ಕೈ ಹಿಡ್ಕೊಂಡು ನಡೆಸಿದೆಯಂತೆ, ಪಾಪ… ಅಳಬೇಡ. ಅಳ್ತಿಲ್ವಾ? ಬರೀ ನೋಡ್ತಿದೀಯ. ಅತ್ತಿದ್ದರೇ ವಾಸಿಯಾಗಿತ್ತು.

ಅಯ್ಯ, ಕಷಾಯ ಯಾಕೆ ವಾಪಸ್ ತಗೊಂಡೆ?

ಸರಿ ಬುಡು. ನಾನು ಅಂಗಡಿಗೇ ಹೋಗ್ತೀನಿ. ಅಲ್ಲಿ ಹೀಗೆ ಕಣ್ಣು ಬಿಟ್ಕೊಂಡು ನೋಡೋರು ಯಾರೂ ಇಲ್ಲ. ಜರುಗು… ಜರುಗು ಅಂದೆ. ಬಾಗಿಲಿಗೆ ಅಡ್ಡ ನಿಂತೆಯಾ! ನನ್ನ ಮನೇಲಿ, ನನ್ನ ಬಾಗಿಲಿಗೆ, ನನ್ನ ಸೊಸೆ! ನಿಮ್ಮತ್ತೆ ಇದ್ದಿದ್ರೆ… ಆಯ್ತು. ಆಯ್ತು ಮಾರಾಯಿತಿ, ಕೂತೆ. ನೀನು ತಡೆದೆ ಅಂತ ಕೂತದ್ದಲ್ಲ. ಕಾಲು… ಯಾಕೋ ಕೂರಬೇಕು ಅನ್ನಿಸಿತು, ಕೂತೆ.

ಬೀದಿ ಕಡೆ ನೋಡಬೇಡ! ಮೂಲೆ ಮನೆ ಡಾಕ್ಟರು ಲಕ್ಷ್ಮೀನರಸಿಂಹ ಅವರನ್ನ ಕೂಗೋಣ ಅಂತ ತಾನೆ? ಬೇಡ. ಕರೆದರೆ ಏನಾಗುತ್ತೆ ಗೊತ್ತಾ ನಿನಗೆ? ಕೇಳಿಲ್ಲಿ.

ನಿಮ್ಮತ್ತೆ ಗಿರಿಜಾಂಬ ಈ ಮನೆಗೆ ಬಂದ ತಿಂಗಳಲ್ಲೇ ನಮ್ಮಪ್ಪ ಹೋದರು. ಹೀಗೇ, ಎದೆ ಹಿಡ್ಕೊಂಡು. ಮದುವೆಗೆ ಎಷ್ಟೋ ಮುಂಚಿನಿಂದ ಅವರು ಮಹಡಿ ಹತ್ತೋವಾಗ ಅರ್ಧಕ್ಕೆ ನಿಂತು ಉಸಿರು ತಗೋತಿದ್ರು. ಎಲ್ಲರೂ ನೋಡಿದ್ವಿ. ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಸತ್ತ ದಿನ ನಮ್ಮಮ್ಮ ಹೆಣದ ಪಕ್ಕದಿಂದ ತಲೆ ಎತ್ತಿ ಅಂದದ್ದು ಒಂದೇ ಮಾತು: ‘ಇವಳ ಕಾಲ್ಗುಣ.’ ಮುಗೀತು! ಅಮ್ಮ ಬದುಕಿರೋವರೆಗೂ ಗಿರಿಜಾಂಬ ಹಬ್ಬದ ದಿನ ಹೊಸಿಲಿಗೆ ರಂಗೋಲಿ ಇಡೋ ಹಾಗಿಲ್ಲ. ಯಾರಾದರೂ ಊರಿಗೆ ಹೊರಟರೆ ಎದುರಿಗೆ ಬರೋ ಹಾಗಿಲ್ಲ, ಹೋಗಿ ಹಿತ್ತಿಲಲ್ಲಿ ನಿಂತಿರಬೇಕು. ನಿಂತಿರ್ತಿದ್ದಳು.

ಅಂಥವಳಿಗೆ ಸೊಸೆ ಬಂದರೆ ಹೇಗೆ ನೋಡ್ಕೋಬೇಕು, ಹೇಳು? ನೀನು ಸೇರು ಒದ್ದು ಒಳಗೆ ಬಂದ ದಿನ ಹಜಾರದ ಕನ್ನಡಿ ಬಿದ್ದು ಒಡೀತಲ್ಲ, ನನ್ನ ಕಿವಿ ಹತ್ರ ಬಂದು ಅಂದಳು: ‘ನೋಡಿದ್ರಾ? ಅಪ್ಪನ್ನ ತಿಂದ್ಕೊಂಡು ಬಂದೋಳು.’ ನನಗೆ ನಗು ಬಂತು! ಹೊಟ್ಟೆ ಉರಿದು ನಕ್ಕೆ. ತನಗೆ ಬಡಿಸಿದ್ದನ್ನ ಇಷ್ಟು ವರ್ಷ ಮುಚ್ಚಿಟ್ಟುಕೊಂಡಿದ್ದಳು ಕಣಮ್ಮ, ಈಗ ಬಡಿಸೋಕೆ ಒಂದು ಎಲೆ ಸಿಕ್ಕಿತು.

ಈಗ ನಾನು ಇಲ್ಲಿ ಮಲಗಿಬುಟ್ಟೆ ಅನ್ನು. ನಿನ್ನ ಗತಿ? ಅಪ್ಪನಾಯ್ತು, ಮಾವನಾಯ್ತು… ಅದಕ್ಕೇ ಇದು ಗ್ಯಾಸು. ಅದಕ್ಕೇ ಒಬ್ಬಟ್ಟು. ಮಮತೆ ಗಿಮತೆ ಅಂತ ಏನೂ ಅಂದ್ಕೋಬೇಡ. ಮನೇಲಿ ಜಗಳ ಹತ್ತಿದರೆ ಅಂಗಡಿ ಕೆಡುತ್ತೆ. ಷಡಕ್ಷರಿ ತಾಯಿಗೆ ಎದುರಾಡೋನಲ್ಲ, ಅಪ್ಪನ ಹಾಗೇನೇ. ಒಂದಷ್ಟು ದಿನ ಹೀಗೇ ತಳ್ಳಿದರೆ ಆಷಾಢ ಕಳೆಯುತ್ತೆ, ವರ್ಷ ತಿರುಗೋದರೊಳಗೆ ನಿನ್ನ ಮಡಿಲಿಗೂ ಒಂದು ಕೂಸು ಬರುತ್ತೆ. ಆಮೇಲೆ ನಾನು ಬಿದ್ದರೂ ನಿನ್ನ ತಲೆಗೆ ಸುತ್ತಲ್ಲ. ಅಲ್ಲಿವರೆಗೂ ಬಾಯಿ ಮುಚ್ಚಿಕೊಂಡಿರೋಣ, ನೀನೂ ನಾನೂ.

ಏನು… ಯಾಕೆ ಹಾಗೆ ನೋಡ್ತೀಯ? ತಳ್ಳೋಕೆ ಆಗದಿದ್ರೆ ಅಂತಲಾ? ಬಾಯಿ ಬಿಟ್ಟು ಕೇಳು ತಾಯಿ, ಆ ಕಣ್ಣಲ್ಲಿ ಕೇಳಬೇಡ.

ಆಗದಿದ್ರೆ… ಮನೇಲಿ ಇದ್ದವಳು ನೀನೊಬ್ಬಳೇ. ಕಷಾಯ ಕಾಸಿದವಳೂ ನೀನೇ. ನಾನು ಹೀಗೇ ಬಾಯಿ ಮುಚ್ಚಿಕೊಂಡು ಹೋದರೆ, ಗ್ಯಾಸು ಅಂದಿದ್ರು ಅಂತ ನೀನು ಹೇಳಿದ್ರೆ ಯಾರು ನಂಬ್ತಾರೆ? ಛೆ. ಛೆ! ನಮ್ಮಪ್ಪನೂ ಹೀಗೇ ಬಾಯಿ ಮುಚ್ಚಿಕೊಂಡೇ…

ಅಯ್ಯಪ್ಪಾ. ಇರು… ಇರು. ಹಿಂಡ್ತಾ ಇದೆ. ಹಂಡೆ ತುಂಬ ನೀರು ತುಂಬಿ ಎದೆ ಮೇಲಿಟ್ಟ ಹಾಗೆ. ಇಷ್ಟು ಹೊತ್ತಾದರೂ ಬುಡ್ತಾನೇ ಇಲ್ಲ ಇವತ್ತು… ಕೋಟು. ಅಲ್ಲಿ, ಗೂಟದಲ್ಲಿ. ಒಳಜೇಬಿಗೆ ಕೈ ಹಾಕು. ಸಣ್ಣ ಮಾತ್ರೆ ಸೀಸೆ. ಹೂಂ, ಅದೇ.

ಯಾಕೆ ನಿಂತೆ? ತಾ. ಸೀಸೆ ನೋಡ್ತೀಯ, ನನ್ನ ಮುಖ ನೋಡ್ತೀಯ… ಮಾತಾಡು! ಹೌದು, ಮುಕ್ಕಾಲು ಖಾಲಿ ಆಗಿದೆ. ಮೇಲಿನ ಚೀಟಿ ಬೆವರಿಗೆ ಸವೆದು ಹೋಗಿದೆ. ಮದುವೆ ಆದ ಮೇಲೆ ತಂದ ಸೀಸೆ ಅಲ್ಲ ಅದು.

ಶಿವರಾತ್ರಿಗೆ ಮುಂಚೆ. ಬೆಟ್ಟದ ಮೆಟ್ಟಿಲ ಮೇಲೆ ಮೊದಲನೇ ಸಲ ಬಂತು. ಇದೇ ಮೂಲೆ ಮನೆ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ ಎಲ್ಲ ಹೇಳಿದರು. ಹೃದಯದ್ದು, ಹುಡುಗಾಟ ಅಲ್ಲ, ಭಾರ ಎತ್ತಬೇಡಿ, ಮಾತ್ರೆ ಇಟ್ಟರೂ ನೋವು ನಿಲ್ಲದಿದ್ರೆ ಒಂದು ಹೆಜ್ಜೆ ನಡೀಬೇಡಿ, ಕೂತಲ್ಲೇ ಕೂತು ನನಗೆ ಹೇಳಿ ಕಳಿಸಿ, ದೊಡ್ಡಾಸ್ಪತ್ರೆಗೆ ಸೇರಿಸ್ತೀನಿ ಅಂತ. ನಿಮ್ಮ ಚಿಕ್ಕಪ್ಪ ಜಾತಕ ಹಿಡ್ಕೊಂಡು ಬಂದದ್ದು ಅದಾದ ಮೇಲೆ. ಹೇಳಿದ್ರೆ ನಿನ್ನನ್ನ ಕೊಡ್ತಿದ್ರಾ? ಒಂದು ಸಲ ಇದೇ ಕಾಯಿಲೇಲಿ ಅಪ್ಪನ್ನ ಕಳ್ಕೊಂಡ ಹುಡುಗೀನ, ಗೊತ್ತಿದ್ದೂ ಗೊತ್ತಿದ್ದೂ ಇದೇ ಮನೆಗೆ? ಅದಕ್ಕೇ ಹೇಳಲಿಲ್ಲ. ತೂತು ಪಾತ್ರೆಗೆ ಕಲಾಯಿ ಹಾಕಿ ಮಾರಿದೆ. ಅಂಗಡೀಲಿ ಯಾವತ್ತೂ ಮಾಡದ್ದನ್ನ ನಿನ್ನ ವಿಷಯದಲ್ಲಿ ಮಾಡಿದೆ. ನಿನಗೋಸ್ಕರ ಮುಚ್ಚಿಟ್ಟೆ ಅಂದೆನಲ್ಲ, ಅದೂ ಸುಳ್ಳು. ಪೂರ್ತಿ ಅಲ್ಲ… ಅರ್ಧ.

ಬಯ್ಯಿ. ಬಯ್ಯೋದೂ ಇಲ್ವಾ?

ಸರಿ, ಹೋಗು. ಬೀದಿಗೆ ಹೋಗು. ಸೆರಗು ಗಿರಗು ಸರಿ ಮಾಡ್ಕೋತಾ ನಿಲ್ಲಬೇಡ, ಬರಿಗಾಲಲ್ಲೇ ಓಡು. ಡಾಕ್ಟರನ್ನ ಕರಿ. ಎದುರು ಮನೆ ಮಂಗಳಮ್ಮನ್ನೂ ಕೂಗು. ಆಕೆಗೆ ಗೊತ್ತಾದರೆ ನಮ್ಮ ಲಕ್ಷ್ಮೀಪುರಕ್ಕೆಲ್ಲ ಗೊತ್ತಾಗುತ್ತೆ, ಆಗಲಿ, ಅದೇ ಬೇಕು. ಎಲ್ಲರೂ ಸೇರಿದ ಮೇಲೆ ಡಾಕ್ಟರನ್ನ ಕೇಳು: ನಮ್ಮ ಮಾವನಿಗೆ ಇದು ಯಾವತ್ತಿಂದ ಇದೆ ಅಂತ. ಜೋರಾಗಿ ಕೇಳು. ನಿಮ್ಮತ್ತೆ ನಜರ್‌ಬಾದಿಂದ ಬಂದ ಮೇಲೆ, ಅವಳು ಬಾಯಿ ತೆರೆಯೋಕೆ ಮುಂಚೆ, ಇನ್ನೊಂದು ಸಲ ಕೇಳು. ನಾನಿದ್ದರೆ ನಾನೇ ಹೇಳ್ತೀನಿ. ಇಲ್ಲದಿದ್ರೆ ನೀನೇ ಹೇಳಬೇಕು, ಸಂಕೋಚ ಪಡಬೇಡ.

ಓಡೋಕೆ ಮುಂಚೆ ಆ ಮಾತ್ರೆ ಕೊಡು. ನಾಲಿಗೆ ಕೆಳಗೆ ಇಟ್ಕೋಬೇಕು, ಇಟ್ಟ ಮೇಲೆ ನಾನು ಬಾಯಿ ಬಿಡೋ ಹಾಗಿಲ್ಲ.

ಇನ್ನು ನೀನು ಮಾತಾಡು.